ರಕ್ತದೊಳಗಿನ ಕಾವಲನ್ನು ಕಂಡುಹಿಡಿದ ಜೂಲ್ ಬೊರ್ಡೆ ಎಂಬ ಪಂಡಿತನ ಚರಿತ್ರೆ

ಹೊಲದಲ್ಲಿ ದುಡಿಯುವವನ ಕಾಲಿಗೆ ಮುಳ್ಳು ಚುಚ್ಚಿದರೆ ಆ ಮುಳ್ಳಿನೊಡನೆ ಕಣ್ಣಿಗೆ ಕಾಣದ ಅಸಂಖ್ಯ ಕ್ರಿಮಿಗಳು ಶರೀರವನ್ನು ಹೊಗುತ್ತವೆ. ಆದರೂ ಅನೇಕ ಸಾರಿ ಗಾಯವು ನಾಲ್ಕಾರು ದಿನಗಳಲ್ಲಿ ತಾನಾಗಿ ಮಾಯುವದು. ಒಳಗೆ ಹೊಕ್ಕ ಆ ಕ್ರಿಮಿಗಳು ಏನಾದವು? ಅವುಗಳನ್ನು ಕೊಂದವರು ಯಾರು? ಒಂದು ಸಾರಿ ಸಿಡುಬು ಬಂದು ಬದುಕಿದವನಿಗೆ ಅದು ತಿರಿಗಿ ಬಾರದೆ ಇದ್ದದ್ದೇಕೆ? ಈ ಪ್ರಶ್ನೆಗಳನ್ನು ಮನುಷ್ಯರು ಬಹುಕಾಲದಿಂದ ಕೇಳುತ್ತಿದ್ದರೂ ಉತ್ತರ ದೊರೆಯಲು ಆರಂಭವಾದದ್ದು 19ನೆಯ ಶತಮಾನದ ಕಡೆಯ ವರ್ಷಗಳಲ್ಲಿಯೇ. ಆ ಉತ್ತರದ ಒಂದು ದೊಡ್ಡ ಭಾಗವನ್ನು ಬಿಡಿಸಿ ತೋರಿಸಿದವನು ಬೆಲ್ಜಿಯಂ ದೇಶದ ಒಬ್ಬ ಉಪಾಧ್ಯಾಯನ ಮಗನು. ಆತನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

1. ಬಾಲ್ಯವೂ ವಿದ್ಯಾಭ್ಯಾಸವೂ

ಜೂಲ್ ಬೊರ್ಡೆ ಎಂಬಾತನು 1870ನೆಯ ಇಸವಿ ಜೂನ್ ತಿಂಗಳ 13ನೆಯ ತಾರೀಕಿನಲ್ಲಿ ಬೆಲ್ಜಿಯಂ ದೇಶದ ಸ್ವಾನ್ಯಿ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಶಾಲೆಯ ಉಪಾಧ್ಯಾಯನು. 1874ರಲ್ಲಿ ಕುಟುಂಬವು ರಾಜಧಾನಿಯಾದ ಬ್ರಸೆಲ್ಸ್ ನಗರಕ್ಕೆ ಬಂದು ನೆಲಸಿತು. ಹುಡುಗನು ಹದಿನಾರನೆಯ ವಯಸ್ಸಿನಲ್ಲಿ ವೈದ್ಯವಿದ್ಯೆಯನ್ನು ಕಲಿಯಲು ವಿಶ್ವವಿದ್ಯಾಲಯವನ್ನು ಸೇರಿ, 1892ರಲ್ಲಿ, ಇಪ್ಪತ್ತೆರಡು ವರ್ಷದವನಿರುವಾಗ, ವೈದ್ಯನಾಗಿ ಹೊರಗೆ ಬಂದನು.

ರೋಗಿಗಳಿಗೆ ಔಷಧವನ್ನು ಕೊಡುವದಕ್ಕಿಂತ ರೋಗವು ಯಾಕೆ ಬರುವದು, ಹೇಗೆ ಹೋಗುವದು ಎಂಬ ವಿಚಾರವೇ ಆತನ ಮನಸ್ಸನ್ನು ಸೆಳೆಯಿತು. ಆತನ ಮೊದಲಿನ ಪರೀಕ್ಷೆಗಳನ್ನು ನೋಡಿ ಮೆಚ್ಚಿದ ಸರಕಾರದವರು ಸಹಾಯದ್ರವ್ಯವನ್ನು ಕೊಟ್ಟು, 1894ರಲ್ಲಿ ಪ್ಯಾರಿಸ್ ನಗರಕ್ಕೆ ಕಳುಹಿಸಿದರು. ಹುಚ್ಚುನಾಯಿಯ ಕಡಿತಕ್ಕೆ ಚುಚ್ಚುಮದ್ದನ್ನು ಕಂಡುಹಿಡಿದ ಲೂಯಿ ಪಾಸ್ಚರ್ ಪಂಡಿತನ ಹೆಸರಿನಿಂದ ಅಲ್ಲಿ 1888ರಲ್ಲಿ ಒಂದು ದೊಡ್ಡ ಸಂಸ್ಥೆಯು ತೆರೆಯಲ್ಪಟ್ಟಿತ್ತು. ಆ ಸಂಸ್ಥೆಯಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ಪಂಡಿತನ ಕೈಕೆಳಗೆ ಬೊರ್ಡೆಯು ಕೆಲಸಕ್ಕೆ ನಿಂತನು.

2. ಎರಡು ಪಕ್ಷಗಳ ವಿವಾದ

ಆ ಕಾಲದಲ್ಲಿ ಪಂಡಿತರೊಳಗೆ ಒಂದು ದೊಡ್ಡ ವಿವಾದವು ನಡೆದಿತ್ತು. ಮೆಚ್ನಿಕಾಫನು ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡಿ, ರಕ್ತದೊಳಗಿನ ಬಿಳಿಯ ಕಣಗಳು ಕ್ರಿಮಿಗಳನ್ನು ಸುತ್ತುವರಿದು ನುಂಗಿಬಿಡುವದನ್ನು ಕಂಡುಕೊಂಡಿದ್ದನು. ಶರೀರವನ್ನು ಕಾಯುವ ಸೈನ್ಯವು ಇದೇ ಎಂಬದು ಆತನ ಬೋಧನೆ. ಜರ್ಮನಿಯ ಪಂಡಿತರಾದರೋ ಇದನ್ನು ಒಪ್ಪದೆ, ಕಾಯುವ ಶಕ್ತಿಯು ಕಣಗಳಲ್ಲಿ ಅಲ್ಲ, ರಕ್ತದ ನೀರಿನಲ್ಲಿಯೇ ಇರುವದೆಂದು ವಾದಿಸಿದರು. ರಕ್ತವನ್ನು ಪಾತ್ರೆಯಲ್ಲಿ ಬಿಟ್ಟರೆ ಅದು ಹೆಪ್ಪುಗಟ್ಟಿ, ತಿಳಿಯಾದ ಹಳದಿ ನೀರು ಬೇರೆಯಾಗಿ ನಿಲ್ಲುವದಷ್ಟೆ. ಇದಕ್ಕೆ ರಕ್ತರಸವೆಂದು ಹೆಸರು. ಈ ರಸದಲ್ಲಿ ಕ್ರಿಮಿಗಳನ್ನು ಕೊಲ್ಲುವ ಒಂದು ವಸ್ತು ಉಂಟೆಂದು ಬುಖ್ನರ್ ಎಂಬವನು ಹೇಳಿ, ಕಾಯುವಂಥಾದ್ದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದನ್ನು ಅಲೆಕ್ಸಿನ್ ಎಂದು ಕರೆದಿದ್ದನು.

1894ರಲ್ಲಿ ಜರ್ಮನಿಯ ಫೈಫರ್ ಎಂಬ ಪಂಡಿತನು ಒಂದು ಆಶ್ಚರ್ಯದ ಸಂಗತಿಯನ್ನು ಪ್ರಕಟಿಸಿದನು. ವಾಂತಿಭೇದಿಯ ಕ್ರಿಮಿಗಳಿಂದ ಮುಂಚೆಯೇ ಚುಚ್ಚಿಸಿಕೊಂಡು ಬಲಗೊಂಡ ಗಿನಿಹಂದಿಯ ಹೊಟ್ಟೆಯೊಳಗೆ ಅದೇ ಜಾತಿಯ ಜೀವಂತ ಕ್ರಿಮಿಗಳನ್ನು ಬಿಟ್ಟರೆ, ಸ್ವಲ್ಪ ಹೊತ್ತಿನೊಳಗೆ ಅವು ಉಬ್ಬಿ, ನೀರಿನಲ್ಲಿ ಬಿದ್ದ ಉಪ್ಪಿನಂತೆ ಕರಗಿಹೋಗುತ್ತಿದ್ದವು. ಅವುಗಳನ್ನು ನುಂಗುವ ಕಣಗಳು ಅಲ್ಲಿ ಕಾಣಲಿಲ್ಲ. ಇದು ಮೆಚ್ನಿಕಾಫನ ಪಕ್ಷಕ್ಕೆ ದೊಡ್ಡ ಪೆಟ್ಟು. ಗುರುವಿನ ಪಕ್ಷವನ್ನು ಉಳಿಸುವದು ಶಿಷ್ಯನ ಕೆಲಸವೆಂದು ಲೋಕವು ಎಣಿಸುವದುಂಟು. ಬೊರ್ಡೆಯಾದರೋ ಪಕ್ಷವನ್ನು ಬದಿಗಿಟ್ಟು, ನಡೆಯುವ ಕಾರ್ಯವೇನೆಂದು ತಿಳಿಯಲಿಕ್ಕೆ ಹೊರಟನು.

3. ಗಾಜಿನ ನಳಿಕೆಯಲ್ಲಿ ಮಾಡಿದ ಪರೀಕ್ಷೆ

1895ರಲ್ಲಿ ಆತನು ಮಾಡಿದ ಪರೀಕ್ಷೆಯು ಬಹು ಸರಳವಾದದ್ದು. ವಾಂತಿಭೇದಿಯ ಕ್ರಿಮಿಗಳ ವಿರುದ್ಧವಾಗಿ ಬಲಗೊಂಡ ಪ್ರಾಣಿಯ ರಕ್ತರಸವನ್ನು ಹೊಸದಾಗಿ ತೆಗೆದು ನಳಿಕೆಯಲ್ಲಿಟ್ಟು, ಅದರಲ್ಲಿ ಕ್ರಿಮಿಗಳನ್ನು ಬಿಟ್ಟನು. ಅವು ಸತ್ತು ಕರಗಿದವು. ಹಾಗಾದರೆ ಕೊಲ್ಲುವ ಶಕ್ತಿಯು ರಸದಲ್ಲಿರುವದು ನಿಜವೇ. ಬಳಿಕ ಅದೇ ರಸವನ್ನು 55 ಡಿಗ್ರಿಗಳಷ್ಟು ಬಿಸಿಮಾಡಿ, ಆರಿಸಿ, ಕ್ರಿಮಿಗಳನ್ನು ಬಿಟ್ಟನು. ನೀರು ಕುದಿಯುವದಕ್ಕೆ 100 ಡಿಗ್ರಿ ಬೇಕಾದದರಿಂದ ಇದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಬಿಸಿಯೇ. ಆದರೂ ರಸವು ತನ್ನ ಬಲವನ್ನು ಕಳಕೊಂಡಿತ್ತು. ಕ್ರಿಮಿಗಳು ಜೀವದಿಂದ ಉಳಿದವು.

ಇಲ್ಲಿಗೆ ನಿಂತಿದ್ದರೆ, ಬಿಸಿಯು ರಸವನ್ನು ಕೆಡಿಸಿತೆಂದು ಯಾರಾದರೂ ಹೇಳಿ ಮುಗಿಸುತ್ತಿದ್ದರು. ಬೊರ್ಡೆಯು ಇನ್ನೊಂದು ಹೆಜ್ಜೆ ಮುಂದಿಟ್ಟನು. ಎಂದೂ ಚುಚ್ಚಿಸಿಕೊಳ್ಳದ, ಸಾಧಾರಣವಾದ ಒಂದು ಪ್ರಾಣಿಯ ಹೊಸ ರಸವನ್ನು ತೆಗೆದು ನೋಡಿದನು. ಅದು ತಾನೊಂದೇ ಆ ಕ್ರಿಮಿಗಳನ್ನು ಕರಗಿಸಲಾರದೆ ಹೋಯಿತು. ಆಮೇಲೆ ಬಿಸಿಯಿಂದ ಬಲಗೆಟ್ಟ ಆ ರಸಕ್ಕೆ ಈ ಸಾಧಾರಣ ರಸವನ್ನು ಸ್ವಲ್ಪ ಬೆರಸಿದನು. ಏನಾಶ್ಚರ್ಯ! ಒಂಟಿಯಾಗಿ ಏನೂ ಮಾಡಲಾರದ ಇವೆರಡು ಕೂಡಿದಾಗ ಕ್ರಿಮಿಗಳು ಮುಂಚಿನಂತೆಯೇ ಕರಗಿಹೋದವು.

ಇದರಿಂದ ಬೊರ್ಡೆಯು ತಿಳಿದುಕೊಂಡದ್ದೇನಂದರೆ, ಕ್ರಿಮಿಗಳನ್ನು ಕೊಲ್ಲಲಿಕ್ಕೆ ರಕ್ತದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಕೂಡಬೇಕು. ಒಂದು, ರೋಗದಿಂದಾಗಲಿ ಚುಚ್ಚುಮದ್ದಿನಿಂದಾಗಲಿ ಹೊಸದಾಗಿ ಹುಟ್ಟುವಂಥಾದ್ದು. ಇದು ಆ ಬಿಸಿಯನ್ನು ತಾಳುವದು. ಒಂದೊಂದು ಜಾತಿಯ ಕ್ರಿಮಿಗೆ ಒಂದೊಂದು ಬೇರೆಯಾಗಿರುವದು. ಇದನ್ನು ಈಗ ಪ್ರತಿಕಾಯವೆಂದು ಕರೆಯುವರು. ಇನ್ನೊಂದು, ಹುಟ್ಟಿನಿಂದಲೇ ಎಲ್ಲರ ರಕ್ತದಲ್ಲಿ ಇರುವಂಥಾದ್ದು. ಇದು ಬಿಸಿಯನ್ನು ತಾಳದು, ನಳಿಕೆಯಲ್ಲಿ ಬಹಳ ದಿವಸ ಇಟ್ಟರೂ ಕೆಡುವದು. ಬುಖ್ನರನು ಕೊಟ್ಟ ಅಲೆಕ್ಸಿನ್ ಎಂಬ ಹೆಸರನ್ನೇ ಬೊರ್ಡೆಯು ಇದಕ್ಕೆ ಇಟ್ಟನು.

ಹಳ್ಳಿಯ ತಳವಾರನ ಕೆಲಸವನ್ನು ನೆನಸಿಕೊಂಡರೆ ಇದು ಸುಲಭವಾಗಿ ತಿಳಿಯುವದು. ಊರಿಗೆ ಬಂದ ಹೊಸಬನು ಕಳ್ಳನೆಂಬ ಗುರುತು ತಳವಾರನಿಗೆ ಸಿಕ್ಕಿದರೂ ಅವನೊಬ್ಬನೇ ಅವನನ್ನು ಕಟ್ಟಿಹಾಕಲಾರನು. ಊರಿನ ಗಂಡಾಳುಗಳಿಗೆ ಬಲವಿದ್ದರೂ ಇವನೇ ಕಳ್ಳನೆಂದು ಹೇಳುವವರು ಬೇಕು. ಪ್ರತಿಕಾಯವು ಗುರುತು ಹಿಡಿಯುವ ತಳವಾರನು; ಅಲೆಕ್ಸಿನು ಕೂಗಿಗೆ ಓಡಿಬರುವ ಜನವು.

1898ರಲ್ಲಿ ಬೊರ್ಡೆಯು ಇದೇ ನಿಯಮವನ್ನು ಕ್ರಿಮಿಗಳಲ್ಲದ ವಸ್ತುವಿನಲ್ಲಿಯೂ ತೋರಿಸಿದನು. ಒಂದು ಜಾತಿಯ ಪ್ರಾಣಿಯ ಕೆಂಪು ರಕ್ತಕಣಗಳನ್ನು ಇನ್ನೊಂದು ಜಾತಿಯ ಪ್ರಾಣಿಗೆ ಚುಚ್ಚಿದರೆ, ಎರಡನೆಯದರ ರಸವು ಆ ಕಣಗಳನ್ನು ಒಡೆಯುವ ಶಕ್ತಿಯನ್ನು ಪಡೆಯುವದು. ಅಲ್ಲಿಯೂ ಅದೇ ಎರಡು ವಸ್ತುಗಳು ಕೂಡಬೇಕು. ಕಣಗಳು ಒಡೆದಾಗ ಮಬ್ಬಾಗಿದ್ದ ಕೆಂಪು ನೀರು ತಿಳಿಯಾಗುವದರಿಂದ, ಸೂಕ್ಷ್ಮದರ್ಶಕವಿಲ್ಲದೆ ಬರಿಗಣ್ಣಿನಿಂದಲೇ ಇದನ್ನು ಕಾಣಬಹುದಾಗಿತ್ತು. ಈ ಚಿಕ್ಕ ಅನುಕೂಲವು ಮುಂದೆ ಲಕ್ಷಾಂತರ ಜನರಿಗೆ ಉಪಯೋಗವಾಯಿತು.

ಮೆಚ್ನಿಕಾಫನು ಶಿಷ್ಯನ ಈ ಕೆಲಸಕ್ಕೆ ಅಡ್ಡಿಮಾಡಲಿಲ್ಲ. ಆ ವಸ್ತುವು ಬಿಳಿಯ ಕಣಗಳಿಂದಲೇ ಹೊರಬರುವದೆಂದು ಆತನು ಹೇಳುತ್ತಾ ಹೋದನು. ಕಣಗಳು ನುಂಗುವದೂ ರಸವು ಕರಗಿಸುವದೂ ಎರಡೂ ನಿಜವೆಂದು ಕಾಲಕ್ರಮದಲ್ಲಿ ಸ್ಥಿರವಾಯಿತು.

4. ಆಫ್ರಿಕದಲ್ಲಿ ದನಗಳ ಬೇನೆ

1896ನೆಯ ಮತ್ತು 1897ನೆಯ ವರ್ಷಗಳಲ್ಲಿ ದಕ್ಷಿಣ ಆಫ್ರಿಕದಲ್ಲಿ ರಿಂಡರ್‌ಪೆಸ್ಟ್ ಎಂಬ ದನಗಳ ದೊಡ್ಡ ಬೇನೆಯು ಹರಡಿ, ಹಟ್ಟಿಗಳು ಬರಿದಾದವು. ಉಳುವದಕ್ಕೆ ಎತ್ತುಗಳಿಲ್ಲದೆ, ಕರೆಯುವದಕ್ಕೆ ಹಸುಗಳಿಲ್ಲದೆ ಜನರು ಹಸಿವೆಯಿಂದ ಕಂಗೆಟ್ಟರು. ಆಗ ಬೊರ್ಡೆಯು ಪಾಸ್ಚರ್ ಸಂಸ್ಥೆಯ ಇನ್ನೊಬ್ಬ ಪಂಡಿತನೊಡನೆ ಟ್ರಾನ್ಸ್‌ವಾಲ್ ಪ್ರಾಂತಕ್ಕೆ ಹೋಗಿ ಆ ಬೇನೆಯನ್ನು ಪರೀಕ್ಷಿಸಿದನು. ಬೇನೆಯಿಂದ ಬದುಕಿ ಉಳಿದ ದನದ ರಕ್ತಕ್ಕೆ ಇತರ ದನಗಳನ್ನು ಸ್ವಲ್ಪಕಾಲ ಕಾಯುವ ಶಕ್ತಿ ಉಂಟೆಂಬದು ಆ ವರ್ಷಗಳಲ್ಲಿ ಅಲ್ಲಿ ದುಡಿದ ಪಂಡಿತರಿಂದ ತಿಳಿದುಬಂತು. ದನವೇ ರೈತನ ಆಸ್ತಿಯೆಂದು ಬಲ್ಲ ನಮ್ಮ ವಾಚಕರಿಗೆ ಇದರ ಬೆಲೆಯನ್ನು ಹೇಳಬೇಕಾಗಿಲ್ಲ. ಹಿಂದುಸ್ಥಾನದಲ್ಲಿಯೂ ಬಹುಕಾಲ ಹಟ್ಟಿಗಳನ್ನು ಹಾಳುಮಾಡಿದ ಈ ಬೇನೆಯು 1995ರ ತರುವಾಯ ನಮ್ಮ ದೇಶದಲ್ಲಿ ಕಾಣಿಸಲಿಲ್ಲ. ಅನೇಕ ದೇಶಗಳವರು ಕೂಡಿ ಚುಚ್ಚುಮದ್ದಿನಿಂದ ಹೋರಾಡಿದ ಮೇಲೆ, 2011ರಲ್ಲಿ ಅದು ಭೂಮಿಯಿಂದಲೇ ಇಲ್ಲದೆ ಹೋಯಿತೆಂದು ಪ್ರಕಟವಾಯಿತು.

5. ರೋಗವನ್ನು ಗುರುತಿಸುವ ಹೊಸ ವಿಧಾನ

1899ರಲ್ಲಿ ಬೊರ್ಡೆಯು ಮಾರ್ತಾ ಲೆವೋ ಎಂಬಾಕೆಯನ್ನು ಮದುವೆಯಾದನು. ಇವರಿಗೆ ಇಬ್ಬರು ಹೆಣ್ಣುಮಕ್ಕಳೂ ಒಬ್ಬ ಮಗನೂ ಹುಟ್ಟಿದರು. 1901ರಲ್ಲಿ ಸ್ವದೇಶದವರು ಆತನನ್ನು ಕರೆದು, ಬ್ರಸೆಲ್ಸ್ ನಗರದಲ್ಲಿ ಹೊಸದಾಗಿ ಸ್ಥಾಪಿಸಿದ ಸಂಸ್ಥೆಯ ಮುಖ್ಯಸ್ಥನನ್ನಾಗಿ ಮಾಡಿದರು. ಹುಚ್ಚುನಾಯಿ ಕಡಿದವರಿಗೆ ಚಿಕಿತ್ಸೆಮಾಡುವದೂ ಕ್ರಿಮಿಗಳನ್ನು ಪರೀಕ್ಷಿಸುವದೂ ಅಲ್ಲಿಯ ಕೆಲಸವಾಗಿತ್ತು. 1903ರಲ್ಲಿ ಪಾಸ್ಚರನ ವಿಧವೆಯ ಒಪ್ಪಿಗೆಯಿಂದ ಆ ಸಂಸ್ಥೆಗೂ ಪಾಸ್ಚರನ ಹೆಸರೇ ಬಂತು.

ಅದೇ 1901ರಲ್ಲಿ ಬೊರ್ಡೆಯೂ ಆತನ ಜೊತೆಗಾರನಾದ ಒಕ್ತಾವ್ ಜಾಂಗುವೂ ಕೂಡಿ ಇನ್ನೊಂದು ಸಂಗತಿಯನ್ನು ಕಂಡುಹಿಡಿದರು. ಪ್ರತಿಕಾಯವು ತನ್ನ ಕ್ರಿಮಿಯನ್ನು ಹಿಡಿದುಕೊಂಡಾಗ ಅಲೆಕ್ಸಿನು ಅಲ್ಲಿಗೆ ಬಂದು ಅಂಟಿಕೊಳ್ಳುವದು. ಹಾಗೆ ಅಂಟಿದ್ದು ಬೇರೆ ಕೆಲಸಕ್ಕೆ ಉಳಿಯದು. ಇದರಿಂದ ಒಬ್ಬ ಮನುಷ್ಯನಲ್ಲಿ ಇಂಥ ರೋಗ ಉಂಟೋ ಇಲ್ಲವೋ ಎಂದು ಅವನ ರಕ್ತದಿಂದಲೇ ತಿಳಿಯುವ ದಾರಿಯು ತೆರೆಯಿತು. ಅದು ಹೇಗಂದರೆ, ಸಂಶಯವಿರುವವನ ರಕ್ತರಸವನ್ನು ಬಿಸಿಮಾಡಿ ಅದರ ಅಲೆಕ್ಸಿನನ್ನು ಇಲ್ಲದಂತೆ ಮಾಡುವರು. ಅದಕ್ಕೆ ಆ ರೋಗದ ಕ್ರಿಮಿಯನ್ನೂ ಅಳೆದ ಅಲೆಕ್ಸಿನನ್ನೂ ಕೂಡಿಸುವರು. ಕಡೆಯಲ್ಲಿ, ತಮ್ಮ ಪ್ರತಿಕಾಯವನ್ನು ಹೊತ್ತು ಒಡೆಯಲಿಕ್ಕೆ ಸಿದ್ಧವಾಗಿರುವ ಕೆಂಪು ರಕ್ತಕಣಗಳನ್ನು ಹಾಕುವರು. ರೋಗವಿದ್ದರೆ ಅಲೆಕ್ಸಿನು ಮುಂಚೆಯೇ ಖರ್ಚಾದದರಿಂದ ಕೆಂಪು ಕಣಗಳು ಒಡೆಯದೆ ಮಬ್ಬಾಗಿಯೇ ಉಳಿಯುವವು. ರೋಗವಿಲ್ಲದಿದ್ದರೆ ಅವು ಒಡೆದು ನೀರು ತಿಳಿಯಾಗುವದು.

ಈ ವಿಧಾನವನ್ನೇ ಹಿಡಿದು 1906ರಲ್ಲಿ ಜರ್ಮನಿಯ ವಾಸರ್ಮನ್ ಎಂಬವನೂ ಅವನ ಜೊತೆಗಾರರೂ, ಪರಂಗಿರೋಗವೆಂದು ಹಳಬರು ಕರೆಯುತ್ತಿದ್ದ ಸಿಫಿಲಿಸನ್ನು ರಕ್ತದಲ್ಲಿ ಗುರುತಿಸುವ ಪರೀಕ್ಷೆಯನ್ನು ಏರ್ಪಡಿಸಿದರು. ಹೊರಗೆ ಆರೋಗ್ಯವಂತನಾಗಿ ಕಾಣುವವನಲ್ಲಿಯೂ ಅಡಗಿದ ರೋಗವನ್ನು ಆ ಪರೀಕ್ಷೆಯು ಹೊರಪಡಿಸುತ್ತಿತ್ತು. ಹೆಂಡತಿಗೂ ಹುಟ್ಟಲಿರುವ ಮಗುವಿಗೂ ಆ ರೋಗವು ದಾಟುವದಕ್ಕೆ ಮುಂಚೆ ತಿಳಿಯುವದು ಎಷ್ಟು ದೊಡ್ಡ ಉಪಕಾರ! ಬಳಿಕ ಸುಲಭವಾದ ಬೇರೆ ಪರೀಕ್ಷೆಗಳು ಬಂದರೂ ಅನೇಕ ದಶಕಗಳ ವರೆಗೆ ಲೋಕದ ಆಸ್ಪತ್ರೆಗಳಲ್ಲಿ ಇದೇ ನಡೆಯಿತು. ಪರೀಕ್ಷೆಗೆ ಬಂದ ಹೆಸರು ವಾಸರ್ಮನನದು; ಅದರ ಬೇರು ಬೊರ್ಡೆಯದು.

ಹೆಸರಿನ ವಿಷಯದಲ್ಲಿ ಇನ್ನೊಂದು ಸಂಗತಿಯೂ ಉಂಟು. ಬೊರ್ಡೆಯು ಅಲೆಕ್ಸಿನ್ ಎಂದ ವಸ್ತುವನ್ನು ಜರ್ಮನಿಯ ಪಾಲ್ ಏರ್ಲಿಖ್ ಎಂಬ ಪ್ರಸಿದ್ಧ ಪಂಡಿತನು ಕಾಂಪ್ಲಿಮೆಂಟ್, ಅಂದರೆ ಪೂರಕ, ಎಂದು ಕರೆದನು. ಲೋಕದಲ್ಲಿ ನಿಂತದ್ದು ಈ ಹೆಸರೇ. ಇವರಿಬ್ಬರೊಳಗೆ ಬಹುಕಾಲ ವಾದವು ನಡೆಯಿತು. ಈ ವಸ್ತುಗಳು ಬೀಗಕ್ಕೆ ಬೀಗದಕೈ ಹೊಂದುವಂತೆ ಒಂದಕ್ಕೊಂದು ಕೂಡುವವೆಂದೂ ಪೂರಕಗಳು ಅನೇಕವೆಂದೂ ಏರ್ಲಿಖನು ಹೇಳಿದನು. ಪೂರಕವು ಒಂದೇ ಎಂದೂ, ಪಟಿಕದ ನೀರಿನಲ್ಲಿ ಅದ್ದಿದ ಬಟ್ಟೆಯು ಬಣ್ಣವನ್ನು ಹಿಡಿಯುವಂತೆ ಪ್ರತಿಕಾಯವು ತಗಲಿದ ಕ್ರಿಮಿಯು ಪೂರಕವನ್ನು ಹಿಡಿಯುವದೆಂದೂ ಬೊರ್ಡೆಯು ಹೇಳಿದನು. ಇಬ್ಬರ ಮಾತಿನಲ್ಲಿಯೂ ಉಳಿದದ್ದುಂಟು, ಬಿದ್ದುಹೋದದ್ದೂ ಉಂಟು.

6. ನಾಯಿಕೆಮ್ಮು

ಮಕ್ಕಳನ್ನು ಹೆತ್ತವರೆಲ್ಲರೂ ನಾಯಿಕೆಮ್ಮಿನ ಹೆಸರನ್ನು ಬಲ್ಲರು. ಮಗು ಎಡೆಬಿಡದೆ ಕೆಮ್ಮಿ ಕೆಮ್ಮಿ ಉಸಿರುಗಟ್ಟಿ, ಮುಖವು ನೀಲಿಯಾಗಿ, ಕಡೆಗೆ ಕೂಗಿದಂಥ ಶಬ್ದದಿಂದ ಉಸಿರನ್ನು ಎಳಕೊಳ್ಳುವದನ್ನು ನೋಡಿ ತಾಯಂದಿರು ನಡುಗುವರು. ವಾರಗಟ್ಟಲೆ ನಡೆಯುವ ಈ ರೋಗವು ಎಳೆಯ ಕೂಸುಗಳನ್ನು ಬಹುವಾಗಿ ಕೊಲ್ಲುತ್ತಿತ್ತು. 1900ರಲ್ಲಿ ಬೊರ್ಡೆಯು ರೋಗದ ಆರಂಭದಲ್ಲಿದ್ದ ಒಂದು ಮಗುವಿನ ಕಫದಲ್ಲಿ ಬಹು ಚಿಕ್ಕದಾದ ಒಂದು ಕ್ರಿಮಿಯನ್ನು ಕಂಡನು. ಆದರೆ ಕಂಡದ್ದು ಸಾಲದು. ಅದನ್ನು ಬೇರೆಮಾಡಿ ಬೆಳೆಯಿಸಿದ ಹೊರತು ರೋಗದ ಕಾರಣವು ಅದೇ ಎಂದು ಹೇಳಲಿಕ್ಕಾಗದು. ಆಗ ಬಳಕೆಯಲ್ಲಿದ್ದ ಯಾವ ಆಹಾರದಲ್ಲಿಯೂ ಅದು ಬೆಳೆಯಲಿಲ್ಲ.

ಬೊರ್ಡೆಯೂ ಜಾಂಗುವೂ ಬೇಸರಪಡದೆ ದುಡಿದರು. ಕಡೆಗೆ ಆಲೂಗಡ್ಡೆಯ ಸಾರ, ಗ್ಲಿಸರಿನ್, ರಕ್ತ ಇವುಗಳನ್ನು ಸೇರಿಸಿ ಮಾಡಿದ ಆಹಾರದಲ್ಲಿ ಅದು ಬೆಳೆಯಿತು. 1906ರಲ್ಲಿ ಇದನ್ನು ಪ್ರಕಟಿಸಿದರು. ಕ್ರಿಮಿಯು ಕೈಗೆ ಸಿಕ್ಕಿದ ಮೇಲೆಯೇ ಅದಕ್ಕೆ ಚುಚ್ಚುಮದ್ದನ್ನು ಮಾಡುವದು ಸಾಧ್ಯವಾಯಿತು. 1930ರ ದಶಕದಲ್ಲಿ ಅಮೇರಿಕದ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಸ್ತ್ರೀಯರು ಒಳ್ಳೇ ಚುಚ್ಚುಮದ್ದನ್ನು ಸಿದ್ಧಪಡಿಸಿದರು. ಆ ಕ್ರಿಮಿಯ ಜಾತಿಗೆ ಶಾಸ್ತ್ರಜ್ಞರು ಬೊರ್ಡೆಯ ನೆನಪಿಗಾಗಿ ಬೊರ್ಡಟೆಲ್ಲ ಎಂಬ ಹೆಸರನ್ನಿಟ್ಟಿದ್ದಾರೆ.

7. ಯುದ್ಧ, ಬಹುಮಾನ, ಕಡೆಯ ದಿನಗಳು

1914ರಲ್ಲಿ ಮಹಾಯುದ್ಧವು ಹುಟ್ಟಿ ಬೆಲ್ಜಿಯಂ ದೇಶವು ಶತ್ರುಗಳ ವಶವಾಯಿತು. ಆ ಕಷ್ಟದ ವರ್ಷಗಳಲ್ಲಿ ಬೊರ್ಡೆಯು ಕುಳಿತು, ಶರೀರವು ರೋಗಗಳನ್ನು ಎದುರಿಸುವ ವಿಷಯವಾಗಿ ತಾನು ತಿಳಿದದ್ದನ್ನೆಲ್ಲಾ ದೊಡ್ಡ ಗ್ರಂಥವಾಗಿ ಬರೆದನು. ಅದು 1920ರಲ್ಲಿ ಅಚ್ಚಾಯಿತು. 1919ನೆಯ ವರ್ಷದ ವೈದ್ಯಶಾಸ್ತ್ರದ ನೊಬೆಲ್ ಬಹುಮಾನವು ಆತನಿಗೆ ದೊರೆಯಿತು. ಅದನ್ನು ಪ್ರಕಟಿಸಿದ್ದು 1920ರಲ್ಲಿ.

ಬಹುಮಾನದ ತರುವಾಯವೂ ಆತನು ಕೆಲಸವನ್ನು ಬಿಡಲಿಲ್ಲ. ಎಲ್ಲದರಲ್ಲಿಯೂ ಆತನ ಅಭಿಪ್ರಾಯವು ಸರಿಯಾಯಿತೆಂದಲ್ಲ. ಕ್ರಿಮಿಗಳನ್ನೇ ತಿನ್ನುವ ಅತಿಸೂಕ್ಷ್ಮ ವೈರಾಣುಗಳ ವಿಷಯದಲ್ಲಿ ಅವು ಬೇರೆ ಜೀವಿಗಳಲ್ಲವೆಂದು ಆತನು ವಾದಿಸಿದನು. ಮುಂದಿನ ಶೋಧನೆಗಳು ಇದಕ್ಕೆ ವಿರೋಧವಾಗಿ ತೋರಿಸಿದವು. 1940ರಲ್ಲಿ ಸಂಸ್ಥೆಯ ಭಾರವನ್ನು ಮಗನಾದ ಪಾಲನಿಗೆ ಒಪ್ಪಿಸಿಕೊಟ್ಟನು. 1961ನೆಯ ಏಪ್ರಿಲ್ 6ನೆಯ ತಾರೀಕಿನಲ್ಲಿ, ತೊಂಭತ್ತು ವರ್ಷಗಳ ತುಂಬುವಯಸ್ಸಿನಲ್ಲಿ, ಬ್ರಸೆಲ್ಸ್ ನಗರದಲ್ಲಿ ತೀರಿಕೊಂಡನು. ಆ ನಗರದ ಕ್ಯಾನ್ಸರ್ ಆಸ್ಪತ್ರೆಯೊಂದು ಆತನ ಹೆಸರನ್ನು ಹೊತ್ತಿರುವದು.

8. ಪೂರಕದ ವಿಷಯದಲ್ಲಿ ತರುವಾಯ ತಿಳಿದದ್ದು

ಬೊರ್ಡೆಯು ಒಂದೇ ಎಂದು ಎಣಿಸಿದ ಪೂರಕವು ಒಂದಲ್ಲ. ಅದು 30ಕ್ಕಿಂತಲೂ ಹೆಚ್ಚು ಪ್ರೋಟೀನುಗಳ ಒಂದು ದೊಡ್ಡ ಕೂಟವೆಂದು ಈಗ ತಿಳಿದಿದೆ. ಇವುಗಳಲ್ಲಿ ಬಹುಭಾಗವು ಯಕೃತ್ತಿನಲ್ಲಿ ಹುಟ್ಟಿ, ರಕ್ತದಲ್ಲಿ ನಿದ್ರಿಸುವವರಂತೆ ಸುಮ್ಮನೆ ತಿರುಗಾಡುತ್ತಿರುವವು. ಕ್ರಿಮಿಯ ಮೇಲೆ ಪ್ರತಿಕಾಯವು ಕುಳಿತ ಕೂಡಲೇ ಮೊದಲನೆಯದು ಎಚ್ಚತ್ತು ಎರಡನೆಯದನ್ನು ಎಬ್ಬಿಸುವದು, ಎರಡನೆಯದು ಮತ್ತೊಂದನ್ನು. ಹೀಗೆ ಒಂದು ಹಲವನ್ನು ಎಬ್ಬಿಸುತ್ತಾ ಹೋಗುವದರಿಂದ ಸ್ವಲ್ಪ ಹೊತ್ತಿನಲ್ಲಿಯೇ ದೊಡ್ಡ ಗುಂಪು ಸೇರುವದು.

ಈ ಗುಂಪು ಮೂರು ಕೆಲಸಗಳನ್ನು ಮಾಡುವದು. ಕೆಲವು ಪ್ರೋಟೀನುಗಳು ಉಂಗುರದಂತೆ ಕೂಡಿ ಕ್ರಿಮಿಯ ಹೊರಗೋಡೆಯಲ್ಲಿ ತೂತುಮಾಡುವವು. ಅದರೊಳಗೆ ನೀರು ನುಗ್ಗಿ ಕ್ರಿಮಿಯು ಒಡೆಯುವದು. ಫೈಫರನು ಕಂಡ ಕರಗುವಿಕೆಯು ಇದೇ. ಇನ್ನು ಕೆಲವು ಕ್ರಿಮಿಯ ಮೈಮೇಲೆ ಅಂಟಿಕೊಂಡು, ಬಿಳಿಯ ಕಣಗಳು ಅದನ್ನು ಸುಲಭವಾಗಿ ಹಿಡಿದು ನುಂಗುವಂತೆ ಮಾಡುವವು. ಬೇರೆ ಕೆಲವು ಚೂರುಗಳು ಬಿಳಿಯ ಕಣಗಳನ್ನು ಆ ಸ್ಥಳಕ್ಕೆ ಕರೆಯುವವು. ಇದನ್ನು ನೋಡಿರಿ: ಮೆಚ್ನಿಕಾಫನ ಕಣಗಳೂ ಜರ್ಮನಿಯವರ ರಸವೂ ಒಂದಕ್ಕೊಂದು ವಿರೋಧವಾಗಿರದೆ ಒಂದೇ ಸೈನ್ಯದ ಎರಡು ಕೈಗಳಾಗಿದ್ದವು! ಪ್ರತಿಕಾಯವಿಲ್ಲದೆಯೂ ಕೆಲವು ಕ್ರಿಮಿಗಳನ್ನು ನೇರವಾಗಿ ಎದುರಿಸುವ ದಾರಿಗಳು ಪೂರಕಕ್ಕೆ ಉಂಟೆಂಬದೂ ತರುವಾಯ ತಿಳಿದುಬಂತು.

ಇಷ್ಟು ಬಲವುಳ್ಳದ್ದು ಮೇರೆ ಮೀರಿದರೆ ಮನೆಯನ್ನೇ ಸುಡುವದು. ಆದದರಿಂದ ನಮ್ಮ ಸ್ವಂತ ಕಣಗಳ ಮೇಲೆ ಪೂರಕವನ್ನು ತಡೆಯುವ ಬೇರೆ ಪ್ರೋಟೀನುಗಳು ಇರುವವು. ಈ ತಡೆಯು ಕೆಟ್ಟರೆ ಕೆಂಪು ರಕ್ತಕಣಗಳಿಗೂ ಮೂತ್ರಪಿಂಡಗಳಿಗೂ ಹಾನಿ ಬರುವದು. ಅಂಥ ರೋಗಿಗಳಿಗೆ ಪೂರಕವನ್ನು ಅಡಗಿಸುವ ಔಷಧವು 2007ರಿಂದ ಬಳಕೆಗೆ ಬಂದಿದೆ. ಇದಕ್ಕೆ ಪ್ರತಿಯಾಗಿ, ತೂತುಮಾಡುವ ಪ್ರೋಟೀನುಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದವರಿಗೆ ಮೆದುಳಿನ ಪೊರೆಗೆ ಬಾವು ಬರುವ ಒಂದು ಬಗೆಯ ಜ್ವರವು ತಿರಿತಿರಿಗಿ ಬರುವದುಂಟು.

9. ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದು

ಬೊರ್ಡೆಯ ನಳಿಕೆಯಲ್ಲಿ ಸಾಧಾರಣ ರಸವೊಂದೇ ಆ ಕ್ರಿಮಿಗಳನ್ನು ಕರಗಿಸಲಾರದೆ ಹೋದದ್ದನ್ನು ಮರೆಯಬಾರದು. ಪ್ರತಿಯೊಂದು ಮಗುವಿನ ರಕ್ತದಲ್ಲಿಯೂ ಪೂರಕವು ಇದೆ, ಆದರೆ ಗುರುತು ತೋರಿಸುವ ಪ್ರತಿಕಾಯವು ತಾನಾಗಿ ಇರುವದಿಲ್ಲ. ಅದು ರೋಗವನ್ನು ಅನುಭವಿಸಿ ಬದುಕಿದರೆ ಬರುವದು, ಇಲ್ಲವೆ ಚುಚ್ಚುಮದ್ದಿನಿಂದ ಬರುವದು. ಮೊದಲನೆಯ ದಾರಿಯಲ್ಲಿ ಅನೇಕ ಕೂಸುಗಳು ನಡುವೆಯೇ ಬಿದ್ದುಹೋಗುತ್ತವೆ. ಎರಡನೆಯದರಲ್ಲಿ ತಾಯಿಯು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ನಡೆಯುವಷ್ಟೇ ಕಷ್ಟ. ನಮ್ಮ ದೇಶದಲ್ಲಿ ನಾಯಿಕೆಮ್ಮನ್ನು ತಡೆಯುವ ಚುಚ್ಚುಮದ್ದನ್ನು ಮಗುವಿಗೆ 6, 10, 14 ವಾರಗಳಾದಾಗ ಸರಕಾರದ ಆಸ್ಪತ್ರೆಗಳಲ್ಲಿ ಹಣವಿಲ್ಲದೆ ಕೊಡುವರು. ಬಳಿಕ ಒಂದೂವರೆ ವರ್ಷದ ಸುಮಾರಿಗೂ ಐದಾರನೆಯ ವರ್ಷದಲ್ಲಿಯೂ ತಿರಿಗಿ ಹಾಕಿಸತಕ್ಕದ್ದು. ಚುಚ್ಚಿದ ರಾತ್ರಿ ಮಗುವಿಗೆ ಸ್ವಲ್ಪ ಜ್ವರ ಬಂದರೆ ಹೆದರಿ ಮುಂದಿನ ಸಾರಿಯನ್ನು ಬಿಟ್ಟುಬಿಡಬಾರದು. ಆರು ವಾರಗಳು ತುಂಬದ ಕೂಸಿನ ಹತ್ತಿರ ಕೆಮ್ಮುವವರನ್ನು ಬಿಡದಿರುವದೂ ಮನೆಯ ಹಿರಿಯರ ಕೆಲಸವು.

ಎರಡನೆಯದಾಗಿ, ಈ ಚರಿತ್ರೆಯಲ್ಲಿ ಎರಡು ಪಕ್ಷಗಳವರೂ ತಮ್ಮದೇ ಪೂರ್ಣಸತ್ಯವೆಂದು ವಾದಿಸಿದರು. ಇಬ್ಬರ ಕೈಯಲ್ಲಿಯೂ ಇದ್ದದ್ದು ಅರ್ಧ ಮಾತ್ರ. ಗುರುವಿನ ಮನೆಯಲ್ಲಿದ್ದುಕೊಂಡೇ ಎದುರು ಪಕ್ಷದಲ್ಲಿದ್ದ ಸತ್ಯವನ್ನು ಒಪ್ಪಿಕೊಂಡು, ಗುರುವಿನಲ್ಲಿದ್ದ ಸತ್ಯವನ್ನೂ ಬಿಡದೆ, ಆ ಯೌವನಸ್ಥನು ಎರಡು ನಳಿಕೆಗಳನ್ನು ಒಂದರೊಳಗೊಂದು ಬೊಗ್ಗಿಸಿದ್ದರಿಂದ ಲೋಕಕ್ಕೆ ಪ್ರಯೋಜನವಾಯಿತು. ನಮ್ಮ ಊರುಗಳಲ್ಲಿ ಪಂಗಡ ಪಂಗಡಗಳಾಗಿ ವಾದಿಸುವವರು ಇದನ್ನು ಸ್ವಲ್ಪ ಯೋಚಿಸಲಿ.